ರಿವಾಲ್ವರ್ ಮೇಲಿನ ಹೆಸರು

ಮನೆಯಲ್ಲಿದ್ದ ಕಬ್ಬಿಣವೆಲ್ಲ ಖಂಡೇನವಮಿಗೆ ಮೈ ತೊಳೆದುಕೊಂಡು ವಿಭೂತಿ ಹಚ್ಚಿಸಿಕೊಳ್ಳುತ್ತಿದ್ದ ದಿನಗಳವು. ಮೇಲವಂಕಿಯ ನಮ್ಮ ಪಡಸಾಲೆಯಲ್ಲಿ ಕುಡಗೋಲು, ಕುರುಪಿ, ಅವ್ವನ ಈಳಿಗೆ ಸಾಲಾಗಿ ಕೂರುತ್ತಿದ್ದವು. ಕೊನೆಯಲ್ಲಿ ಅಜ್ಜನ ರಿವಾಲ್ವರ್. ಲೈಸೆನ್ಸ್ ಇತ್ತು, ಗುಂಡು ಇರಲಿಲ್ಲ. ಅದರ ಮೈತುಂಬ ಬಳ್ಳಿ ಕೆತ್ತಿದ್ದರು. ಹಿಡಿಕೆಯ ಹತ್ತಿರ ಸಣ್ಣಗೆ ಏನೋ ಗೀಚಿದಂತಿತ್ತು. ಅದು ತನ್ನಪ್ಪನಿಗೆ ಇನಾಮು ಬಂದದ್ದು, ಅಲ್ಲಿ ಇಂಗ್ಲಿಷಿನಲ್ಲಿ ಅವನ ಹೆಸರೇ ಇದೆ ಎನ್ನುತ್ತಿದ್ದ ಅಜ್ಜ. ಊರವರು ನಗುತ್ತಿದ್ದರು. ಅವರ ಬಾಯಿ ಮುಚ್ಚಿಸಲೆಂದೇ ಆ ವರ್ಷ ಸಂಕೇಶ್ವರದಿಂದ ಹಳೆಯ ಬಂದೂಕು ಬಲ್ಲ ಒಬ್ಬರನ್ನು ಹಬ್ಬದ ಮರುದಿನ ಬರಹೇಳಿದ್ದ.

ನಾನಾಗ ಐದನೇ ಇಯತ್ತೆ. ಪೂಜೆಯ ಸಾಮಾನು ತಿಕ್ಕುವುದು ನನ್ನ ಪಾಲಿನ ಕೆಲಸ. ಒಳಗೆ ಹೂರಣ ಕುದಿಯುವ ವಾಸನೆ, ಹೊರಗೆ ನನ್ನ ಕೈತುಂಬ ಹುಣಸೆಹಣ್ಣು, ಬೂದಿ. ಎಷ್ಟು ತಿಕ್ಕಿದರೂ ರಿವಾಲ್ವರ್ ಕಪ್ಪಗೇ ಇತ್ತು. ಬಾಜೂ ಮನೆಯ ಬಡಿಗೇರ ಕಾಕಾನ ಸ್ಯಾಂಡ್ ಪೇಪರ್ ತಂದು ಉಜ್ಜಿದೆ. ಅವ್ವನ ತಂಬಿಗೆಯಂತೆ ಹೊಳೆಯಿತು! ಅಜ್ಜನಿಗೆ ಕಣ್ಣು ಮಂಜು. ಹೊಳಪಷ್ಟೇ ಕಂಡಿತೇನೋ, ಬೆನ್ನು ಚಪ್ಪರಿಸಿದ. ನಾನು ಉಬ್ಬಿಹೋದೆ.

ಮರುದಿನ ಬಂದವರು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಗುಂಡು ತುಂಬುವ ಗಾಲಿ ತಿರುಗಿಸಿ ಕಿವಿಗೊಟ್ಟು ಕೇಳಿದರು. ಮೂರು ಕಡೆಯ ನಂಬರು ತಾಳೆ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟರು.

"ಮಾಲು ಖರೆ ಐತ್ರಿ ಅಜ್ಜಾರ, ಬಳ್ಳೀನೂ ಉಳದೈತಿ. ಆದ್ರ ಹಳೇ ಕಪ್ಪು ಹೋತಂದ್ರ ಅರ್ಧ ಕಿಮ್ಮತ್ತು ಹೋದಂಗ. ಇಲ್ಲಿ ಹೆಸರು ಇದ್ದದ್ದೂ ಖರೆ, ಈಗ ಓದಾಕ ಬರೂದಿಲ್ಲ. ಯಾರ್ರಿ ಇದನ್ನ ತಿಕ್ಕಿದವ್ರು?"

ನಾನು ಬಾಗಿಲ ಹಿಂದೆ ಸರಿದು ನಿಂತೆ. ಅಜ್ಜ ಬಹಳ ಹೊತ್ತು ಆ ಜಾಗವನ್ನು ಹೆಬ್ಬೆರಳಿನಿಂದ ಸವರಿದ.

"ನಾನ ತಿಕ್ಕೀನ್ರಿ," ಎಂದ. "ಹಬ್ಬ ಇತ್ತಲ್ಲ."

ನಾನು ಹೊರಗೆ ಬರಲಿಲ್ಲ. ಆ ಅಂಜುಬುರುಕತನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಸಂಜೆ ಅಜ್ಜ ಉಳಿದ ಹೋಳಿಗೆಗೆ ತುಪ್ಪ ಸುರಿದು ಎಂದಿನಂತೆ ಮೊದಲ ತುತ್ತು ನನಗೇ ತಿನಿಸಿದ. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಊರವರಿಗೂ ಏನೂ ಹೇಳಲಿಲ್ಲ, ಅವರು ನಗುತ್ತಲೇ ಇದ್ದರು.

ಅಜ್ಜ ತೀರಿಕೊಂಡ ಮೇಲೆ ರಿವಾಲ್ವರನ್ನು ಗೋಕಾಕದ ಠಾಣೆಗೆ ಒಪ್ಪಿಸಿದೆವು. ಗುರುತೇನು ಎಂದು ಕೇಳಿದರು. ಬಳ್ಳಿ ಕೆತ್ತನೆ ಎಂದು ಬರೆಸಿದೆ.

ಆ ಹಬ್ಬದ ಹೊತ್ತಿಗೆ ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಬರುತ್ತಿದ್ದವಳು ನಾನೊಬ್ಬಳೇ. ತಿಕ್ಕುವ ಮುಂಚೆ ಒಂದು ಸಲ ಕೂಡಿಸಿ ಓದಿದ್ದರೆ, ಅಜ್ಜ ತನ್ನಪ್ಪನ ಹೆಸರನ್ನು ನನ್ನ ಬಾಯಲ್ಲೇ ಕೇಳುತ್ತಿದ್ದ.