ಬೆಳ್ಳಿಯನ್ನು ಒರಟು ಮಾಡುವ ಊರಿನಲ್ಲಿ

ಇಂಗ್ಲೆಂಡಿನಲ್ಲಿ ನನಗೆ ಕೊಟ್ಟ ಮೊದಲ ಕೆಲಸವೆಂದರೆ ಕನ್ನಡಿಯಂತೆ ಹೊಳೆಯುತ್ತಿದ್ದ ಬೆಳ್ಳಿಯ ತುಂಡೊಂದನ್ನು ಹಾಳು ಮಾಡುವುದು. ಬೆಸಗರಹಳ್ಳಿಯ ನಮ್ಮ ಮನೆಯಲ್ಲಿ ಹಬ್ಬ ಬಂತೆಂದರೆ ಅವ್ವ ಬೆಳ್ಳಿ ಬಟ್ಟಲನ್ನು ವಿಭೂತಿ ಹಾಕಿ ತಿಕ್ಕಿಸುತ್ತಿದ್ದಳು. ಒಂದು ಕಪ್ಪು ಚುಕ್ಕೆ ಉಳಿದರೂ ಬೈಗುಳ. ಇಲ್ಲಿ ಅದೇ ಬೆಳ್ಳಿಯನ್ನು ಉಪ್ಪಿನ ದ್ರಾವಣಕ್ಕಿಳಿಸಿ, ಕರೆಂಟು ಹಾಯಿಸಿ, ಮಂಕಾಗಿ ಒರಟಾಗುವವರೆಗೆ ಕಾಯಬೇಕು. ಆಮೇಲೆ ಪಿರಿಡೀನ್ ಎಂಬ ದ್ರವ ಬೆರೆಸಿ ಲೇಸರ್ ಬೆಳಕು ಬಿಡಬೇಕು. ಬೆಳ್ಳಿಗೆ ಅಂಟಿದ ಅಣುಗಳಿಗೆ ತಾಗಿ ಚದುರಿದ ಬೆಳಕಿನ ಬಣ್ಣ ತುಸು ಬದಲಾಗಿರುತ್ತದೆ. ಅದರಿಂದಲೇ ಅಲ್ಲಿರುವುದು ಯಾವ ಅಣುವೆಂದು ಗುರುತು ಸಿಗುತ್ತದೆ. ನುಣುಪು ಬೆಳ್ಳಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಒರಟು ಬೆಳ್ಳಿ ಇಟ್ಟರೆ, ಆ ಬೆಳಕು ಎಷ್ಟೆಂದು ಗೀಚುವ ಯಂತ್ರದ ಪೆನ್ನು ಕಾಗದದ ಅಂಚಿಗೆ ಹೋಗಿ ಬಡಿಯುತ್ತಿತ್ತು.

ನಾನು ಸಂಶೋಧನೆಗೆಂದು ಬಂದವಳು. ನನ್ನ ಗಂಡ ಪುಟ್ಟಸ್ವಾಮಿ ಮಳವಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರು. ರಜೆ ಹಾಕಿ ನನ್ನ ಜೊತೆಗೇ ಬಂದರು. ಹೆಂಡತಿಯ ಹಿಂದೆ ಗಂಡ ಹೊರಟಿದ್ದಕ್ಕೆ ಊರು ಏನೆಲ್ಲ ಆಡಿತೋ, ಅವರು ನನ್ನ ಕಿವಿಗೆ ಹಾಕಲಿಲ್ಲ.

ನಾವಿದ್ದದ್ದು ಬಂದರಿನ ಊರು. ಹಲವು ಬಾಗಿಲು ಮುಖದ ಮೇಲೆ ಮುಚ್ಚಿದ ನಂತರ ವಿಧವೆಯೊಬ್ಬರ ಮನೆಯ ಮಹಡಿಯಲ್ಲಿ ಕೋಣೆ ಸಿಕ್ಕಿತು. ಇಂಥ ಬಾಡಿಗೆ ಬಿಡಾರಕ್ಕೆ ಇಲ್ಲಿ 'ಡಿಗ್ಸ್' ಎನ್ನುತ್ತಾರೆ. ಸ್ವಲ್ಪ ದಿನಕ್ಕೇ ಮನೆಯೊಡತಿ ಮೆಟ್ಟಿಲ ಮೇಲೆ ಮೂಗು ಮುಚ್ಚಿಕೊಂಡು ನಿಂತರು. "ನೀವು ಅದೇನು ಬೇಯಿಸುತ್ತೀರಿ? ಮನೆಯೆಲ್ಲ ಕೊಳೆತ ಮೀನಿನ ವಾಸನೆ. ಹೀಗೇ ಆದರೆ ಬೇರೆ ಕಡೆ ನೋಡಿಕೊಳ್ಳಿ."

ಒಗ್ಗರಣೆ ನಿಲ್ಲಿಸಿದೆವು. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಪುಟ್ಟಸ್ವಾಮಿ ತಟ್ಟೆ ನೋಡಿ, "ಬಂಡೂರು ಕುರಿನೂ ಇದುನ್ನ ಮೂಸ್ನೋಡಿ ಮುಂದಕ್ಕೋಯ್ತದೆ ಕಣಮ್ಮಿ" ಅಂದರು. ನಕ್ಕೆವು. ಆದರೆ ಅವರು ಸೊರಗುತ್ತಿದ್ದರು. ಮಳವಳ್ಳಿಯಲ್ಲಿ ಬೀದಿಗಿಳಿದರೆ 'ನಮಸ್ಕಾರ ಮೇಷ್ಟ್ರೇ' ಎನ್ನುವವರೇ ಎಲ್ಲ. ಇಲ್ಲಿ ಸಂಜೆ ನಾನು ಲ್ಯಾಬಿನಿಂದ ಬರುವವರೆಗೆ ಅವರ ಬಾಯಿ ತೆರೆಯುವ ಪ್ರಸಂಗವೇ ಇರಲಿಲ್ಲ.

ವಾಸನೆ ಮಾತ್ರ ಹೋಗಲಿಲ್ಲ. ಒಂದು ಸಂಜೆ ನಾನು ಬಿಚ್ಚಿಟ್ಟ ಸ್ವೆಟರನ್ನು ಅವರು ಮೂಗಿಗೆ ಹಿಡಿದರು. "ಲೇ, ಉಪ್ಸಾರುದ್ದಲ್ಲ ಕಣೇ ವಾಸ್ನೆ. ನಿನ್ ಲ್ಯಾಬಿಂದು!"

ಪಿರಿಡೀನ್! ದಿನವಿಡೀ ಅದರ ನಡುವೆಯೇ ಇದ್ದು ನನ್ನ ಮೂಗು ಸತ್ತುಹೋಗಿತ್ತು. ಸ್ವೆಟರ್ ಹಿಡಿದು ಕೆಳಗಿಳಿದು ಮನೆಯೊಡತಿಗೆ ಮೂಸಲು ಕೊಟ್ಟೆ. ಆಕೆ ಬೆಚ್ಚಿ ಹಿಂದೆ ಸರಿದರು, ಆಮೇಲೆ ಬಿದ್ದು ಬಿದ್ದು ನಕ್ಕರು. "ಇದನ್ನು ಹಿತ್ತಲ ಶೆಡ್ಡಿನಲ್ಲಿ ನೇತುಹಾಕಿ. ನಿಮ್ಮ ಅಡುಗೆ ನೀವು ಮಾಡಿಕೊಳ್ಳಿ." ಅಂದು ಸಾಸಿವೆ ಸಿಡಿದ ಸದ್ದಿಗೆ ನನಗೆ ಅಳು ಬಂತು.

ಲ್ಯಾಬಿನಲ್ಲಿ ಬೇರೆಯೇ ಜಟಾಪಟಿ. "ಒರಟಾದರೆ ಮೇಲ್ಮೈ ಹೆಚ್ಚುತ್ತದೆ, ಹೆಚ್ಚು ಅಣುಗಳು ಕೂರುತ್ತವೆ, ಅಷ್ಟೇ" ಎನ್ನುತ್ತಿದ್ದರು ನನ್ನ ಮಾರ್ಗದರ್ಶಕರು. ಎಷ್ಟು ಲೆಕ್ಕ ಹಾಕಿದರೂ ನನಗೆ ಹೊಂದಲಿಲ್ಲ. ಹೆಚ್ಚಿದ ಜಾಗಕ್ಕಿಂತ ಬೆಳಕು ಎಷ್ಟೋ ಪಾಲು ಮಿಗಿಲಾಗಿತ್ತು. ಕಣ್ಣಿಗೆ ಕಾಣದ ಆ ಉಬ್ಬುತಗ್ಗುಗಳೇ ಬೆಳಕನ್ನು ಹಿಗ್ಗಿಸುತ್ತಿವೆಯೆಂದು ನನ್ನ ಅನುಮಾನ. "ತೋರಿಸು" ಅಂದರು. ತೋರಿಸಲು ಕಾಲ ಬೇಕಿತ್ತು. ಪುಟ್ಟಸ್ವಾಮಿಯ ರಜೆ ಮುಗಿದಿತ್ತು.

"ಕಿಟ್ಕಿ ಕಾಯ್ಕೊಂಡ್ ಕೂತ್ರೆ ತಲೆ ಕೆಟ್ಟೋಯ್ತದೆ. ನಾನು ಊರಿಗೋಯ್ತೀನಿ. ನೀನು ಅದೇನೂಂತ ನೋಡ್ಬುಟ್ಟೇ ಬಾ" ಅಂದರು. ಜಗಳವಾಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಈಗ ಬೇರೆ ಕಡೆಯ ಲ್ಯಾಬಿನವರೂ ನನ್ನ ಅನುಮಾನವನ್ನೇ ಆಡತೊಡಗಿದ್ದಾರೆ. ಬೆಳಕು ಹಿಗ್ಗುವ ಕಾರಣ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಮಳವಳ್ಳಿಯ ಮನೆಯ ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತ ಕೂತರೂ ಮನಸ್ಸು ಯಂತ್ರದ ಮುಂದೆ. ಯಂತ್ರದ ಮುಂದಿದ್ದಾಗ ಇದೇ ಜಗುಲಿಗೆ ಹಂಬಲಿಸಿದ್ದೆ. ಹೊರಟ ದಿನ ಪುಟ್ಟಸ್ವಾಮಿ ಮದ್ದೂರಿನ ರೈಲು ನಿಲ್ದಾಣದವರೆಗೆ ಬಂದರು. ರೈಲು ಅಲುಗಿದಾಗ ಕಿಟಕಿಯಿಂದ "ಬತ್ತೀನಿ" ಅಂದೆ.

ನಮ್ಮ ಕಡೆ ಹೊರಟು ಹೋಗುವವರೂ ಅದನ್ನೇ ಅನ್ನುವುದು. ಪುಟ್ಟಸ್ವಾಮಿ ತಲೆಯಾಡಿಸಿದರು. ಯಾವಾಗ ಎಂದು ಕೇಳಲಿಲ್ಲ.