ಪಡುವಣ ಗಡಿಯ ಮೂರು ಸಾಲು

ರಾಗ್ನಿಲ್ಡ್‌ಳ ಮನೆಯ ಗೋಡೆ ಮಣ್ಣುಹೆಂಟೆಯದು, ಅನುಮಾನ ಮಾತ್ರ ಕಲ್ಲಿನದು. ನಾರ್ವೆಯಿಂದ ಡಕೋಟದ ಬಯಲಿಗೆ ಬಂದು, ಎರಡನೇ ಚಳಿಗಾಲದಲ್ಲೇ ಗಂಡನನ್ನು ಮಣ್ಣು ಮಾಡಿ, ಒಂಟಿಯಾಗಿ ಅಲ್ಲೇ ಉಳಿದವಳು. ಐದು ವರ್ಷ ಬಿಡದೆ ಬಾಳಿದ್ದಾಳೆಂದು ನೆರೆಯವರಿಬ್ಬರು ಸಾಕ್ಷಿ ನುಡಿದರೆ ಸರ್ಕಾರದ ನೂರ ಅರವತ್ತು ಎಕರೆ ಅವಳದು. ಅದಕ್ಕಿನ್ನು ಒಂದೇ ತಿಂಗಳು. ಅಂಥ ಹೊತ್ತಿನಲ್ಲಿ ಯಾರನ್ನು ನಂಬುವುದು?

ಪಡುವಣ ನೆರೆಯ ವಾವ್ರಾನನ್ನಂತೂ ಅಲ್ಲ. ಬೊಹೀಮಿಯಾದವನು, ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಂಥವನು. ಒಂದು ಬೆಳಗ್ಗೆ ನೋಡಿದರೆ ಅವಳ ಗಡಿಗೂಟದಿಂದ ಮೂವತ್ತು ಹೆಜ್ಜೆ ಒಳಗೆ ಅವನು ಉತ್ತ ಮೂರು ಸಾಲು!

"ಬಯಲ ಬೆಂಕಿ ತಡೆಯೋಕೇನೋ, ಹುಲ್ಲಿಲ್ಲದ ಮಣ್ಣನ್ನ ಅದು ದಾಟಲ್ಲವಲ್ಲ," ಎಂದಳು ರಾಗ್ನಿಲ್ಡ್.

"ಹಾಗಿದ್ರೆ ಮನೆ ಸುತ್ತ ಉಳ್ತಿದ್ದ. ಇದು ಗಡಿ ಒತ್ತೋ ಆಟ ಕಣೇ," ಎಂದು ಮೂಡಣ ಮನೆಯ ನಾದಿನಿ ತೂರ್ಬೋರ್ಗ್ ಉರಿಗೆ ತುಪ್ಪ ಸುರಿದಳು. "ಇವತ್ತು ಮೂವತ್ತು ಹೆಜ್ಜೆ, ನಾಳೆ ನಿನ್ನ ಒಲೆ ಮುಂದೆ ಬಂದು ಕೂರ್ತಾನೆ!"

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ರಾಗ್ನಿಲ್ಡ್ ಎರಡು ದಿನ ಗುದ್ದಲಿ ಹಿಡಿದು, ಮಗುಚಿದ ಹೆಂಟೆಗಳನ್ನು ಮತ್ತೆ ಹುಲ್ಲು ಮೇಲಾಗುವಂತೆ ಕೂರಿಸಿ, ಮನೆಯ ನೇರಕ್ಕೆ ಬರುವಷ್ಟು ಸಾಲನ್ನು ಮುಚ್ಚಿದಳು. ಒಂದು ಮಾತು ಅವನನ್ನೇ ಕೇಳಬಹುದಿತ್ತು. ಕೇಳಲಿಲ್ಲ.

ಮೂರನೆಯ ಮಧ್ಯಾಹ್ನ ಪಡುವಣ ಗಾಳಿ ಬೆಂಕಿಯನ್ನು ಹೊತ್ತು ತಂದಿತು. ಗಡಿಯಲ್ಲಿ ಹುಲ್ಲು ಕೊಯ್ಯುತ್ತಿದ್ದ ವಾವ್ರಾ ತನ್ನ ಜೋಡೆತ್ತನ್ನು, ಬೆಂಕಿ ದಾಟಲಾರದೆಂದು ನಂಬಿ, ಸಾಲುಗಳ ಈಚೆಗೆ ಹೊಡೆತಂದು, ಗಾಡಿಗೆ ಕಟ್ಟಿ, ಅವಳ ಮನೆಗೆ ಓಡಿಬಂದ. ಇಬ್ಬರೂ ಒದ್ದೆ ಗೋಣಿಗಳಿಂದ ಬಡಿದು ಮನೆ ಉಳಿಸಿಕೊಂಡರು. ಹೊಗೆ ಸರಿದಾಗ ಗಾಡಿಯೂ ಇರಲಿಲ್ಲ, ಎತ್ತುಗಳೂ ಇರಲಿಲ್ಲ. ಅವುಗಳ ಸುಟ್ಟ ದೇಹಗಳಷ್ಟೇ ಬಿದ್ದಿದ್ದವು.

"ಉತ್ತಿದ್ನಲ್ಲ ಅಕ್ಕಾ," ಎಂದ ವಾವ್ರಾ. "ನಿಮ್ಮ ಮನೆ ಸುತ್ತಾನೂ ಉಳೋನಿದ್ದೆ, ಎತ್ತು ದಣಿದಿದ್ವು ಅಂತ ಬಿಟ್ಟೆ. ಆದ್ರೆ ಇಲ್ಲಿ ಹೇಗೆ ದಾಟ್ತು ಬೆಂಕಿ?"

ಅಷ್ಟರಲ್ಲಿ ಓಡಿಬಂದಿದ್ದ ನಾದಿನಿ ಅವಳ ತೋಳು ಚಿವುಟಿದಳು: "ಸುಮ್ನಿರೇ, ಸಾಕ್ಷಿಗೆ ಅವನೂ ಬೇಕು."

"ಮುಚ್ಚಿದ್ದು ನಾನು," ಎಂದಳು ರಾಗ್ನಿಲ್ಡ್. "ಜಾಗ ಕಬಳಿಸ್ತೀಯ ಅಂದ್ಕೊಂಡೆ."

ವಾವ್ರಾ ಎತ್ತುಗಳ ಕಡೆ ನೋಡಿದ, ಅವಳ ಕಡೆ ನೋಡಿದ, ಹೊರಟುಹೋದ. ಇನ್ನು ಸಾಕ್ಷಿಗೆ ಅವನು ಬರುವುದಿಲ್ಲವೆಂದು ಅವಳು ಆಸೆಯನ್ನೇ ಬಿಟ್ಟಳು.

ಸಾಕ್ಷಿಯ ದಿನ ಅವನು ಇಪ್ಪತ್ತು ಮೈಲಿ ನಡೆದು ಜಮೀನು ಕಚೇರಿಗೆ ಬಂದ.

"ಐದು ವರ್ಷದಿಂದ ಇಲ್ಲೇ ಇದಾರೆ," ಎಂದ ಅಧಿಕಾರಿಗೆ. "ಬಿಟ್ಟುಹೋದೋರಲ್ಲ."

ರುಜು ಹಾಕಿ ಹೊರಬಂದ. ಬಾಗಿಲಲ್ಲಿ ಇನ್ನೊಬ್ಬ ಸಾಕ್ಷಿಯಾದ ನಾದಿನಿಯ ಗಂಡನ ಗಾಡಿ ನಿಂತಿತ್ತು.

"ಬಾ ವಾವ್ರಾ, ಹತ್ತು. ಒಂದೇ ದಾರಿ ತಾನೇ?" ಎಂದಳು ರಾಗ್ನಿಲ್ಡ್.

ಅವನು ತಿರುಗಿಯೂ ನೋಡದೆ ನಡೆದುಕೊಂಡೇ ಹೋದ.