ಆಚಾರ್ಯರ ಭುಜ

ಆಗ ನಾನು ವಾರಕ್ಕೊಮ್ಮೆ ಸೇಡಂನ ಒಂದು ಸಣ್ಣ ದವಾಖಾನೆಗೆ ಫಿಜಿಯೋಥೆರಪಿ ಮಾಡಲು ಹೋಗುತ್ತಿದ್ದೆ. ಒಂದು ಸಲ ಅಲ್ಲಿನ ಒಂದು ಗುಡಿಯ ಅರ್ಚಕರಾದ ವೆಂಕಟಾಚಾರ್ಯರು ಬಂದರು. ಬಲಭುಜ ಬಿಗಿದುಕೊಂಡು ಕೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಮಂಗಳಾರತಿಯನ್ನು ತಮ್ಮನ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ಅವರಿಗೆ ನೋವಿಗಿಂತ ಹೆಚ್ಚಿನ ಸಂಕಟವಾಗಿತ್ತು.

“ಟಕ್ ಅಂತ ಒಮ್ಮೆ ಎಳದು ಕೂಡಿಸಿಬಿಡ್ರಿ,” ಎಂದು ಕಣ್ಣು ಮುಚ್ಚಿ ಕುಳಿತರು.

“ಎಳಿಯೋದೇನಿಲ್ರಿ. ಗ್ವಾಡಿ ಮುಂದ ನಿಂತು ಬೆರಳ್ಲೆ ಮೆಲ್ಲಕ ಮ್ಯಾಲ ಹತ್ಕೋತ ಹೋಗ್ರಿ. ದಿನಾ ಮಾಡ್ರಿ.”

“ಇಷ್ಟಕ್ಕ ನಿಮ್ಮ ತನಕಾ ಬರಬೇಕಿತ್ತೇನ್ರಿ?” ಅವರ ಮುಖ ಸಪ್ಪಗಾಯಿತು. ಮಾಡಲಾರರು ಎಂದುಕೊಂಡೆ.

ಕೆಲವು ತಿಂಗಳ ಮೇಲೆ ಅವರ ಗುಡಿಗೆ ಹೋದಾಗ ಆಚಾರ್ಯರೇ ಆರತಿ ಎತ್ತಿ ಬೆಳಗುತ್ತಿದ್ದರು. ನನ್ನನ್ನು ಕಂಡು ಕೈಯನ್ನು ಇನ್ನಷ್ಟು ಮೇಲೆತ್ತಿ ನಕ್ಕರು. ನನಗೆ ಹೊಟ್ಟೆ ತುಂಬಿದಂತಾಯಿತು.

ಹೊರಗೆ ಬಂದರೆ, ಇಬ್ಬರು ಹೆಣ್ಣುಮಕ್ಕಳು ಗೋಡೆಗೆ ಮುಖಮಾಡಿ ಬೆರಳಿನಿಂದ ಮೇಲಕ್ಕೆ ಹತ್ತುತ್ತಿದ್ದರು.

“ನಿಮಗೂ ಭುಜ ನೋವೇನ್ರಿ?” ಎಂದೆ.

“ಇಲ್ರಿ. ಆಚಾರ್ಯರು ದಿನಾ ಪೂಜಾ ಆದಮ್ಯಾಲ ಮಾಡ್ತಾರ. ಯಾವ ಸೇವಾನೋ ಏನೋ, ನಾವೂ ಮಾಡಾಕತ್ತೀವಿ.”

ನಾನು ತಿದ್ದಲು ಹೋಗಲಿಲ್ಲ. ಈ ಸೇವೆ ದೇವರಿಗೆ ಮುಟ್ಟುತ್ತದೋ ಇಲ್ಲವೋ, ಭುಜಕ್ಕಂತೂ ಮುಟ್ಟುತ್ತದೆ.